ಗಳಗನಾಥರು ಏನು ಓದುತ್ತಿದ್ದರು?

ಗಡಿನಾಡಿನ ಕನ್ನಡಿಗರ ಮನೆಗಳಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. ಒಂದು, “ಕನ್ನಡ ಉಳಿಯಬೇಕಾದರೆ ನಮ್ಮ ಮಕ್ಕಳು ಪಕ್ಕದ ಭಾಷೆಯ ಪುಸ್ತಕದ ಗೊಡವೆಗೆ ಹೋಗಬಾರದು” ಎಂಬುದು. ಇನ್ನೊಂದು, “ಕನ್ನಡ ಓದಿ ಆಗಬೇಕಾದುದೇನು? ಹೊಟ್ಟೆಗೆ ಹಿಟ್ಟು ಕೊಡುವ ಭಾಷೆ ಕಲಿಯಲಿ” ಎಂಬುದು. ಮೊದಲನೆಯದು ಅಭಿಮಾನದ ಮಾತು, ಎರಡನೆಯದು ಬೇಸರದ ಮಾತು. ಒಂದಕ್ಕೊಂದು ಎದುರಾಗಿ ಕಂಡರೂ ಎರಡರ ಫಲ ಒಂದೇ: ಮಗು ಯಾವ ಭಾಷೆಯ ಪುಸ್ತಕವನ್ನೂ ಪ್ರೀತಿಯಿಂದ ಓದದೆ ಬೆಳೆಯುತ್ತದೆ. ಆದವಾನಿ ಸೀಮೆಯ ಆಸ್ಪರಿಯಲ್ಲಿದ್ದು ಕನ್ನಡ ಮಾಧ್ಯಮದ ಮಕ್ಕಳಿಗೆ ಪಾಠ ಹೇಳುವ ನನಗೆ ಇದು ದಿನನಿತ್ಯದ ಅನುಭವ. ಕಾಸರಗೋಡಿನ ಸ್ಥಿತಿಯೂ ಇದಕ್ಕಿಂತ ಬಹಳ ಬೇರೆಯಾಗಿರಲಾರದೆಂಬ ನಂಬಿಕೆಯಿಂದ ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ಈ ಎರಡು ಮಾತುಗಳಿಗೂ ತಮ್ಮ ಬದುಕಿನಿಂದಲೇ ಉತ್ತರ ಹೇಳಿದ ಒಬ್ಬ ಮಾಸ್ತರರು ನಮ್ಮಲ್ಲಿ ಆಗಿಹೋದರು. ಅವರೇ ವೆಂಕಟೇಶ ತಿರಕೋ ಕುಲಕರ್ಣಿಯವರು. ಕನ್ನಡ ನಾಡು ಅವರನ್ನು ಗಳಗನಾಥರೆಂದು ಕರೆಯಿತು. ವರದಾ ನದಿ ತುಂಗಭದ್ರೆಯನ್ನು ಕೂಡುವಲ್ಲಿ, ಈಗಿನ ಹಾವೇರಿ ಜಿಲ್ಲೆಯಲ್ಲಿ, ಗಳಗೇಶ್ವರನ ಹಳೆಯ ದೇವಾಲಯವುಳ್ಳ ಗಳಗನಾಥವೆಂಬ ಹಳ್ಳಿ ಇದೆ. ಅಲ್ಲಿ 1869ರಲ್ಲಿ ಅವರು ಹುಟ್ಟಿದರು. ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಓದಿ ಶಿಕ್ಷಕರಾದರು. 1942ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಇಪ್ಪತ್ತಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದಿದ್ದರು. ಅವುಗಳಲ್ಲಿ ಬಹುಪಾಲು ಐತಿಹಾಸಿಕ. ಕನ್ನಡ ಕಾದಂಬರಿಯ ಪಿತಾಮಹರೆಂದು ಅವರಿಗೆ ಹೆಸರು. ಆದರೆ ಪಿತಾಮಹರ ಪುಸ್ತಕವನ್ನು ಇಂದು ಓದಿದವರೆಷ್ಟು ಮಂದಿ ಎಂದು ಕೇಳಿದರೆ ಉತ್ತರ ಹೇಳಲು ನಾಚಿಕೆಯಾಗುತ್ತದೆ.

ಗಳಗನಾಥರು ಬೆಳೆದ ಕಾಲ ಎಂತಹುದು? ಧಾರವಾಡ ಸೀಮೆ ಆಗ ಮುಂಬಯಿ ಆಧಿಪತ್ಯಕ್ಕೆ ಸೇರಿತ್ತು. ಕಚೇರಿಯಲ್ಲಿ ಮರಾಠಿ, ನಾಟಕದಲ್ಲಿ ಮರಾಠಿ, ಓದಿದವರ ಪತ್ರವ್ಯವಹಾರದಲ್ಲಿ ಮರಾಠಿ. ಅದಕ್ಕೂ ಹಿಂದಿನ ತಲೆಮಾರಿನಲ್ಲಿ ಕನ್ನಡದ ಮಕ್ಕಳು ಶಾಲೆಯಲ್ಲಿ ಮರಾಠಿಯನ್ನೇ ಓದಬೇಕಾಗಿತ್ತು. ಡೆಪ್ಯೂಟಿ ಚನ್ನಬಸಪ್ಪನವರಂತಹ ಅಧಿಕಾರಿಗಳು ಪಟ್ಟು ಹಿಡಿದು ದುಡಿದ ಮೇಲೆ ಕನ್ನಡ ಶಾಲೆಗಳು ತಲೆಯೆತ್ತಿದವು. 1890ರಲ್ಲಿ ರಾ. ಹ. ದೇಶಪಾಂಡೆಯವರ ಮುಂದಾಳತನದಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಕನ್ನಡದಲ್ಲಿ ಪುಸ್ತಕಗಳು ಬರಬೇಕೆಂಬುದು ಅದರ ಮುಖ್ಯ ಹಂಬಲಗಳಲ್ಲೊಂದು. ಇದಾದ ಎಂಟು ವರ್ಷಕ್ಕೆ, 1898ರಲ್ಲಿ, ಗಳಗನಾಥರ “ಪ್ರಬುದ್ಧ ಪದ್ಮನಯನೆ” ಬಂದಿತು. ಕನ್ನಡಿಗರು ತಮ್ಮ ಊರಿನಲ್ಲೇ ಅಲ್ಪಸಂಖ್ಯಾತರಂತೆ ಬಾಳುತ್ತಿದ್ದ ಕಾಲದ ಬೆಳೆ ಅದು ಎಂಬುದನ್ನು ನಾವು ಮರೆಯಬಾರದು.

ಇನ್ನು ಅವರ ಓದಿನ ರುಚಿ. ಗಳಗನಾಥರು ಮರಾಠಿಯನ್ನು ಚೆನ್ನಾಗಿ ಓದುತ್ತಿದ್ದರು. ಪುಣೆಯ ಹರಿ ನಾರಾಯಣ ಆಪಟೆಯವರು ಅವರ ಮೆಚ್ಚಿನ ಲೇಖಕರು. ಆಪಟೆಯವರು 1864ರಲ್ಲಿ ಹುಟ್ಟಿದವರು, ಗಳಗನಾಥರಿಗಿಂತ ಐದು ವರ್ಷ ಹಿರಿಯರು. 1890ರಲ್ಲಿ “ಕರಮಣೂಕ” ಎಂಬ ಪತ್ರಿಕೆ ತೆಗೆದು, ಅದರಲ್ಲಿ ಕಾದಂಬರಿಗಳನ್ನು ಕಂತುಕಂತಾಗಿ ಬರೆದು ಮಹಾರಾಷ್ಟ್ರಕ್ಕೆ ಕಾದಂಬರಿಯ ಹುಚ್ಚು ಹಿಡಿಸಿದವರು. ಶಿವಾಜಿಯ ಕಾಲದ ಕಥೆಗಳು ಅವರ ಕೈಯಲ್ಲಿ ಮರಾಠಿಗರ ಮನೆಮಾತಾದವು. ಅವರೇ ವಿಜಯನಗರದ ಪತನವನ್ನು ಕುರಿತು “ವಜ್ರಾಘಾತ” ಎಂಬ ಕಾದಂಬರಿಯನ್ನೂ ಬರೆದರು. ಕನ್ನಡಿಗರ ಸಾಮ್ರಾಜ್ಯದ ಕಥೆ ಧಾರವಾಡದ ಕನ್ನಡಿಗನಿಗೆ ಮೊದಲು ಕಾದಂಬರಿಯಾಗಿ ಸಿಕ್ಕಿದ್ದು ಮರಾಠಿಯಲ್ಲಿ! ಗಳಗನಾಥರು ಅದನ್ನು ಓದಿ ಸುಮ್ಮನಾಗಲಿಲ್ಲ, ಸಿಟ್ಟಾಗಿ ಪುಸ್ತಕ ಮುಚ್ಚಿಡಲೂ ಇಲ್ಲ. “ಕನ್ನಡಿಗರ ಕರ್ಮಕಥೆ” ಎಂದು ಕನ್ನಡಕ್ಕೆ ತಂದರು. ಆ ಹೆಸರೊಂದೇ ಸಾಕು, ಯಾರಿಗಾಗಿ ತಂದರೆಂಬುದನ್ನು ಹೇಳುವುದಕ್ಕೆ.

ಇಲ್ಲಿ ಒಂದು ಆಕ್ಷೇಪ ಬರುವುದು ಸಹಜ. “ಪರಭಾಷೆಯದನ್ನು ತಂದು ಕನ್ನಡದ ಅಂಗಿ ತೊಡಿಸಿದರೆ ಅದು ಕನ್ನಡ ಸಾಹಿತ್ಯವಾದೀತೆ?” ಎಂದು. ಗಳಗನಾಥರ ಪುಸ್ತಕಗಳಲ್ಲಿ ಅನೇಕವು ಮರಾಠಿಯಿಂದ ಬಂದವೆಂಬುದು ನಿಜವೇ. ಆದರೆ ಐತಿಹಾಸಿಕ ಕಾದಂಬರಿಯೆಂಬ ಈ ಸಾಹಿತ್ಯ ಪ್ರಕಾರದ ವಂಶಾವಳಿಯನ್ನು ಸ್ವಲ್ಪ ನೋಡಿರಿ. ಸ್ಕಾಟ್ಲೆಂಡಿನ ವಾಲ್ಟರ್ ಸ್ಕಾಟ್ 1814ರಲ್ಲಿ “ವೇವರ್ಲಿ” ಬರೆದು ಇದಕ್ಕೆ ದಾರಿ ಹಾಕಿದ. ಅವನ ಪುಸ್ತಕಗಳು ಭಾರತಕ್ಕೆ ಬಂದವು. 1865ರಲ್ಲಿ ಬಂಗಾಳಿಯಲ್ಲಿ ಬಂಕಿಮಚಂದ್ರರ “ದುರ್ಗೇಶನಂದಿನಿ” ಹೊರಟಿತು. ಅದನ್ನು ಬಿ. ವೆಂಕಟಾಚಾರ್ಯರು ಬಂಗಾಳಿ ಕಲಿತು 1885ರಲ್ಲಿ ಕನ್ನಡಕ್ಕೆ ತಂದರು. ಅತ್ತ ತಿರುವನಂತಪುರದಲ್ಲಿ ಸಿ. ವಿ. ರಾಮನ್ ಪಿಳ್ಳೆಯವರು ಸ್ಕಾಟನನ್ನು ಓದಿ 1891ರಲ್ಲಿ “ಮಾರ್ತಾಂಡವರ್ಮ” ಪ್ರಕಟಿಸಿದರು. ಮುಂದೆ “ಧರ್ಮರಾಜ” ಮತ್ತು “ರಾಮರಾಜ ಬಹದ್ದೂರ್” ಸೇರಿ ತಿರುವಿದಾಂಕೂರಿನ ಕಥೆ ಮೂರು ಪುಸ್ತಕಗಳ ಮಾಲೆಯಾಯಿತು. ಇವರಲ್ಲಿ ಪರರ ಪುಸ್ತಕ ಓದದೆ ಬರೆದವರು ಯಾರು? ಯಾರೂ ಇಲ್ಲ. ಹಾಗೆಂದು ಇವರ ಬರಹವನ್ನು ಅವರವರ ನಾಡು ತನ್ನದಲ್ಲವೆಂದು ಹೇಳಿತೆ? ಅದೂ ಇಲ್ಲ.

ನಾವು ಅಷ್ಟೊಂದು ಮಮತೆಯಿಂದ ಆಡುವ “ಕಾದಂಬರಿ” ಎಂಬ ಶಬ್ದವನ್ನೇ ತೆಗೆದುಕೊಳ್ಳಿ. ನಮ್ಮ ಕಡೆ ತೆಲುಗಿನವರು ಇದಕ್ಕೆ ನವಲ ಎನ್ನುತ್ತಾರೆ, ತಮ್ಮ ಕಡೆ ಮಲಯಾಳದವರು ನೋವಲ್ ಎನ್ನುತ್ತಾರೆ. ಬಾಣಕವಿಯ ಕೃತಿಯ ಹೆಸರನ್ನೇ ಈ ಜಾತಿಯ ಪುಸ್ತಕಕ್ಕೆಲ್ಲ ಇಟ್ಟುಕೊಂಡವರು ಮರಾಠಿಗರು ಮತ್ತು ಕನ್ನಡಿಗರು. ನೆರೆಹೊರೆಯ ಕೊಡುಕೊಳ್ಳುವಿಕೆ ಎಂದರೆ ಇದು.

ಅಲ್ಲದೆ ಗಳಗನಾಥರು ಅನುವಾದದಲ್ಲೇ ನಿಲ್ಲಲಿಲ್ಲ. 1917ರಲ್ಲಿ ಆಲೂರು ವೆಂಕಟರಾಯರ “ಕರ್ನಾಟಕ ಗತವೈಭವ” ಬಂದು ಕನ್ನಡಿಗರಲ್ಲಿ ತಮ್ಮ ಇತಿಹಾಸದ ಎಚ್ಚರ ಹುಟ್ಟಿಸಿತು. 1923ರಲ್ಲಿ ಗಳಗನಾಥರ “ಮಾಧವ ಕರುಣಾ ವಿಲಾಸ” ಪ್ರಕಟವಾಯಿತು. ವಿಜಯನಗರದ ಸ್ಥಾಪನೆಯ ಕಥೆ ಅದು, ಸ್ವಂತ ಕೃತಿ. ಮೊದಲ ಕಾದಂಬರಿಯಿಂದ ಇಲ್ಲಿಗೆ ಇಪ್ಪತ್ತೈದು ವರ್ಷ. ಇಪ್ಪತ್ತೈದು ವರ್ಷ ಓದಿ, ಅನುವಾದಿಸಿ, ಕೈ ಪಳಗಿಸಿಕೊಂಡು ಒಬ್ಬ ಲೇಖಕ ತನ್ನ ನಾಡಿನ ಹೆಬ್ಬಾಗಿಲಿಗೆ ಬಂದು ನಿಂತ. ಮರಾಠಿ ಅವರನ್ನು ಕನ್ನಡದಿಂದ ದೂರ ಒಯ್ಯಲಿಲ್ಲ, ಸುತ್ತು ದಾರಿಯಿಂದ ಮನೆಗೇ ತಂದು ಬಿಟ್ಟಿತು.

ಅವರ ಬರವಣಿಗೆಯ ಕ್ರಮವೂ ನಾವು ತಿಳಿಯತಕ್ಕದ್ದೇ. ಸ್ಫೂರ್ತಿ ಬಂದಾಗ ಬರೆಯುತ್ತೇನೆ ಎನ್ನುವ ಜಾತಿಯವರಲ್ಲ ಅವರು. ಹಾವೇರಿಯ ಹತ್ತಿರದ ಅಗಡಿಯ ಆನಂದವನದಿಂದ, ಶೇಷಾಚಲ ಸದ್ಗುರುಗಳ ಆಶ್ರಯದಲ್ಲಿ, “ಸದ್ಬೋಧ ಚಂದ್ರಿಕೆ” ಎಂಬ ಮಾಸಪತ್ರಿಕೆಯನ್ನು ನಡೆಸಿದರು. ತಿಂಗಳು ತುಂಬಿತೆಂದರೆ ಪತ್ರಿಕೆ ಹೊರಡಲೇಬೇಕು, ಕಥೆ ಮುಂದುವರಿಯಲೇಬೇಕು. ಮೈಗೆ ಹುಷಾರಿಲ್ಲ, ಮನಸ್ಸು ಸರಿಯಿಲ್ಲ ಎಂದರೆ ಮಾಸಪತ್ರಿಕೆ ಕೇಳುವುದಿಲ್ಲ. ದಿನಪತ್ರಿಕೆಯ ಬಂಧುಗಳಿಗೆ ಈ ಮಾತು ನಾನು ಬಿಡಿಸಿ ಹೇಳಬೇಕಾಗಿಲ್ಲ! ತಿಂಗಳ ಗಡುವಿಗೆ ತಲೆಬಾಗಿ ಬರೆದುದರಿಂದಲೇ ಅಷ್ಟು ಪುಸ್ತಕಗಳು ಆದವು. ಅವರ ಓದುಗರು ಪಂಡಿತರಲ್ಲ. ಕನ್ನಡ ಶಾಲೆಯಲ್ಲಿ ನಾಲ್ಕೈದು ಇಯತ್ತೆ ಓದಿದ ಒಕ್ಕಲಿಗರು, ಅಂಗಡಿಯವರು, ಓದು ಬರಹ ಆಗತಾನೆ ಕಲಿಯುತ್ತಿದ್ದ ಹೆಂಗಸರು. ಅಂತಹವರಿಗೆ ತಿಳಿಯುವ ಹಾಗೆ, ಮುಂದಿನ ಸಂಚಿಕೆಗೆ ಕಾಯುವ ಹಾಗೆ ಬರೆಯಬೇಕಿತ್ತು. ಇಂದಿನ ವಿಮರ್ಶಕರಿಗೆ ಅವರ ಉಪದೇಶದ ಧಾಟಿ ಹೆಚ್ಚೆನಿಸೀತು, ಪಾತ್ರಗಳು ಒಂದೋ ಬಿಳಿ, ಇಲ್ಲವೇ ಕಪ್ಪು ಎನಿಸೀತು. ಆ ದೋಷ ಇಲ್ಲವೆಂದು ನಾನು ವಾದಿಸುವುದಿಲ್ಲ. ಆದರೆ ಓದುಗರೇ ಇಲ್ಲದ ಭಾಷೆಗೆ ಓದುಗರನ್ನು ಸೃಷ್ಟಿಸಿದವನ ಕೆಲಸವನ್ನು ಅಳೆಯುವ ಕೋಲು ಬೇರೆ.

ಬರೆದರೆ ಮುಗಿಯಿತೆ? ಪುಸ್ತಕ ಕೊಳ್ಳುವ ಅಂಗಡಿ ಹಳ್ಳಿಯಲ್ಲಿ ಎಲ್ಲಿರಬೇಕು? ಗಳಗನಾಥರು ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಉತ್ತರ ಕರ್ನಾಟಕದಲ್ಲಿ ಇಂದಿಗೂ ಹಿರಿಯರು ಇದನ್ನು ಹೇಳಿಕೊಳ್ಳುತ್ತಾರೆ. ಕಾದಂಬರಿ ಪಿತಾಮಹರೆಂಬ ಬಿರುದಿಗಿಂತ ಹೆಗಲ ಮೇಲಿನ ಆ ಗಂಟೇ ನನಗೆ ದೊಡ್ಡದಾಗಿ ಕಾಣುತ್ತದೆ. ಓದುಗ ಬರಲಿಲ್ಲವೆಂದು ಅವರು ದೂರಲಿಲ್ಲ, ಓದುಗನ ಬಾಗಿಲಿಗೆ ತಾವೇ ಹೋದರು.

ಈಗ ತಮ್ಮ ಊರಿನ ಕಡೆಗೆ ಬರೋಣ. ಪಕ್ಕದ ಭಾಷೆ ಓದಿದರೆ ಕನ್ನಡ ಕೆಡುತ್ತದೆಂಬ ಭಯಕ್ಕೆ ಕಾಸರಗೋಡಿನ ನೆಲವೇ ಉತ್ತರ ಕೊಟ್ಟಿದೆ. ಮಂಜೇಶ್ವರದ ಗೋವಿಂದ ಪೈಗಳು ಎಷ್ಟೊಂದು ಭಾಷೆಗಳನ್ನು ಬಲ್ಲವರಾಗಿದ್ದರೆಂಬುದು ತಮ್ಮ ಮಕ್ಕಳಿಗೂ ಗೊತ್ತು. ಅವರು ಕಾದಂಬರಿಕಾರರಲ್ಲ, ಆದರೆ ಇತಿಹಾಸ ಸಂಶೋಧನೆ ಮತ್ತು ಕಾವ್ಯ ಒಂದೇ ಮನೆಯಲ್ಲಿ ಬಾಳಬಲ್ಲವೆಂದು ತೋರಿಸಿದವರು. ಆ ಭಾಷೆಗಳೆಲ್ಲ ಸೇರಿ ಅವರ ಕನ್ನಡವನ್ನು ಬಡವಾಗಿಸಿದವೆ? ನಿರಂಜನರು ಹುಡುಗನಾಗಿದ್ದಾಗ ನೀಲೇಶ್ವರದಲ್ಲಿ ಹೈಸ್ಕೂಲು ಓದಿದರು. ಕಯ್ಯೂರಿನ ರೈತರ ಹೋರಾಟ 1941ರಲ್ಲಿ ನಡೆಯಿತು, 1943ರ ಮಾರ್ಚ್ 29ರಂದು ನಾಲ್ವರನ್ನು ಗಲ್ಲಿಗೇರಿಸಲಾಯಿತು. ಮಲಯಾಳ ಮಾತಾಡುವ ಆ ರೈತರ ಕಥೆಯನ್ನು 1955ರಲ್ಲಿ “ಚಿರಸ್ಮರಣೆ”ಯಾಗಿ ಬರೆದವರು ಕನ್ನಡದ ನಿರಂಜನರು. ಅದು ಕನ್ನಡಿಗರದೂ ಹೌದು, ಮಲಯಾಳಿಗಳದೂ ಹೌದು. ಎರಡು ಭಾಷೆಯ ನಡುವೆ ಬೆಳೆದ ಕಿವಿಗಲ್ಲದೆ ಇಂತಹ ಪುಸ್ತಕ ಒದಗುವುದು ಕಷ್ಟ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಒಂದು ಭಾಷೆಯನ್ನು ಮೆಚ್ಚಿ ಓದುವುದು ಬೇರೆ, ಅದನ್ನು ಹೇರಿಸಿಕೊಳ್ಳುವುದು ಬೇರೆ. ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು 1953ರ ಅಕ್ಟೋಬರ್ 1ರಂದು ಆಂಧ್ರಕ್ಕೆ ಸೇರಿದವು. ಮೂರು ವರ್ಷ ಕಳೆದು 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಹೋಯಿತು. ನಮ್ಮನ್ನು ಯಾರೂ ಕೇಳಿ ಗೆರೆ ಎಳೆಯಲಿಲ್ಲ. 2017ರಲ್ಲಿ ಶಾಲೆಗಳಲ್ಲಿ ಮಲಯಾಳವನ್ನು ಕಡ್ಡಾಯಗೊಳಿಸುವ ಕಾನೂನು ಬಂದಾಗ ತಾವು ಬೀದಿಗಿಳಿದು ಪ್ರತಿಭಟಿಸಿದುದು ನ್ಯಾಯವೇ. ಮಗುವಿಗೆ ಕನ್ನಡದಲ್ಲಿ ಪಾಠ ಕೇಳುವ ಹಕ್ಕನ್ನು ಬಿಟ್ಟುಕೊಡಬೇಕೆಂದು ನಾನು ಹೇಳಿದರೆ ನಾಳೆ ತರಗತಿಯಲ್ಲಿ ಮುಖ ಎತ್ತಿ ನಿಲ್ಲಲಾರೆ. ಆದರೆ ಕಾನೂನಿನ ಮೇಲಿನ ಸಿಟ್ಟನ್ನು ಪುಸ್ತಕದ ಮೇಲೆ ತೀರಿಸಿಕೊಳ್ಳಬಾರದು. ಧಾರವಾಡದ ಕಚೇರಿಗಳಲ್ಲಿ ಕನ್ನಡಕ್ಕೆ ಜಾಗ ಬೇಕೆಂದು ಹೋರಾಡಿದ ಕಾಲದಲ್ಲೇ ಗಳಗನಾಥರು ಆಪಟೆಯವರನ್ನು ಪ್ರೀತಿಯಿಂದ ಓದುತ್ತಿದ್ದರು. ಜಗಳ ಅಧಿಕಾರದ ಜೊತೆ, ಸಾಹಿತ್ಯದ ಜೊತೆಯಲ್ಲ ಎಂಬ ವಿವೇಕ ಆ ತಲೆಮಾರಿಗೆ ಇತ್ತು.

ಐತಿಹಾಸಿಕ ಕಾದಂಬರಿಯನ್ನು ಮಕ್ಕಳ ಕೈಗೆ ಕೊಡುವಾಗ ಒಂದು ಎಚ್ಚರವೂ ಬೇಕು. ಗಡಿನಾಡಿನವರಾದ ನಮಗೆ ಗತವೈಭವದ ಮತ್ತು ಬೇಗ ಏರುತ್ತದೆ. ಇಂದು ಕೈಯಲ್ಲಿ ಏನೂ ಇಲ್ಲದವನಿಗೆ ಅಜ್ಜನ ಆನೆಯ ಕಥೆ ಹಿತ. ಆದರೆ ಕಾದಂಬರಿ ಬೇರೆ, ಚರಿತ್ರೆ ಬೇರೆ. 1565ರ ಜನವರಿಯ ಯುದ್ಧವನ್ನು ಕಾದಂಬರಿಯಲ್ಲಿ ಓದಿದ ಹುಡುಗನಿಗೆ ಒಂದು ಧರ್ಮದವರು ಇನ್ನೊಂದು ಧರ್ಮದವರನ್ನು ಸೋಲಿಸಿದರೆಂದಷ್ಟೇ ತೋರಬಹುದು. ಅಳಿಯ ರಾಮರಾಯನು ಸುಲ್ತಾನರ ಪರಸ್ಪರ ಜಗಳಗಳಲ್ಲಿ ಇಂದು ಒಬ್ಬನ ಪಕ್ಷ, ನಾಳೆ ಇನ್ನೊಬ್ಬನ ಪಕ್ಷ ಹಿಡಿದು ಬಂದಿದ್ದನು, ಅವನ ಸೈನ್ಯದಲ್ಲೂ ಮುಸಲ್ಮಾನ ಸರದಾರರಿದ್ದರು ಎಂಬುದನ್ನು ಪಕ್ಕದಲ್ಲಿ ಕೂತು ಹೇಳಬೇಕಾದವರು ಮೇಷ್ಟರು ಮತ್ತು ಮನೆಯ ಹಿರಿಯರು. ಕಾದಂಬರಿ ಆಸೆ ಹುಟ್ಟಿಸಲಿ, ಚರಿತ್ರೆಯ ಪುಸ್ತಕ ತಿದ್ದಲಿ. ಎರಡೂ ಕೈಯಲ್ಲಿದ್ದರೆ ಹುಡುಗ ಹಾದಿ ತಪ್ಪುವುದಿಲ್ಲ.

ಗಳಗನಾಥರ ತರುವಾಯದವರಲ್ಲಿ ಇದನ್ನು ಚೆನ್ನಾಗಿ ತೋರಿಸಿದವರು ತ. ರಾ. ಸುಬ್ಬರಾಯರು. 1920ರಲ್ಲಿ ಮಲೆಬೆನ್ನೂರಿನಲ್ಲಿ ಹುಟ್ಟಿದ ತರಾಸು ತಳುಕಿನ ಮನೆತನದವರು. ಕನ್ನಡದ ದೊಡ್ಡ ಪ್ರಾಧ್ಯಾಪಕರಾಗಿದ್ದ ಟಿ. ಎಸ್. ವೆಂಕಣ್ಣಯ್ಯನವರೂ ಆ ಮನೆತನದವರೇ. ತರಾಸು ಅವರು ಚಿತ್ರದುರ್ಗವೆಂಬ ಒಂದೇ ಊರಿನ ಪಾಳೆಯಗಾರರ ಮೇಲೆ ಎಂಟು ಕಾದಂಬರಿ ಬರೆದರು. “ಕಂಬನಿಯ ಕುಯಿಲು”, “ರಕ್ತರಾತ್ರಿ”, “ತಿರುಗುಬಾಣ”ಗಳಿಂದ ಮೊದಲುಗೊಂಡು 1982ರ “ದುರ್ಗಾಸ್ತಮಾನ”ದವರೆಗೆ ಆ ಮಾಲೆ ಬೆಳೆಯಿತು. ಅವರ ಬೆನ್ನಿಗೆ ಎಂ. ಎಸ್. ಪುಟ್ಟಣ್ಣನವರ “ಚಿತ್ರದುರ್ಗದ ಪಾಳೆಯಗಾರರು” ಪುಸ್ತಕವಿತ್ತು, ಆ ಊರಿನ ಇತಿಹಾಸಕ್ಕಾಗಿ ಬಾಳು ಸವೆಸಿದ ಹುಲ್ಲೂರು ಶ್ರೀನಿವಾಸ ಜೋಯಿಸರ ದುಡಿಮೆಯಿತ್ತು. 1779ರಲ್ಲಿ ದುರ್ಗ ಹೈದರನ ವಶವಾಯಿತೆಂಬುದು ಮೊದಲೇ ಗೊತ್ತಿರುವ ಸಂಗತಿ. ಕೊನೆ ಗೊತ್ತಿದ್ದೂ ಓದುಗನನ್ನು ಕೊನೆಯವರೆಗೆ ಕರೆದೊಯ್ಯಬೇಕಾದರೆ ಊರಿನ ಕಲ್ಲುಕಲ್ಲೂ ಲೇಖಕನಿಗೆ ತಿಳಿದಿರಬೇಕು. 1984ರಲ್ಲಿ ಅವರು ತೀರಿಕೊಂಡರು, ಮರುವರ್ಷ ಆ ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು.

ಚಿತ್ರದುರ್ಗಕ್ಕೆ ತರಾಸು ಸಿಕ್ಕರು. ಬೇಕಲಕ್ಕೆ ಯಾರು? ಆದವಾನಿಗೆ ಯಾರು? ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ. ಬೇಕಲದ ಕೋಟೆ ಹದಿನೇಳನೆಯ ಶತಮಾನದಲ್ಲಿ ಕೆಳದಿಯ ನಾಯಕರು ಕಟ್ಟಿಸಿದ್ದು. ದೊರೆಗಳು ಕನ್ನಡದವರು, ಕೋಟೆಯ ಕೆಳಗಿನ ಊರು ಮಲಯಾಳದ್ದು, ಸುತ್ತಮುತ್ತಣ ಮಾತಿನಲ್ಲಿ ತುಳುವೂ ಉಂಟು. ಅದರ ಕಥೆಯನ್ನು ಬರೆಯುವವನು ಕೆಳದಿಯ ಕನ್ನಡ ದಾಖಲೆಯನ್ನೂ ಓದಬೇಕು, ಕೋಲತ್ತಿರಿಗಳ ನಾಡಿನ ಮಲಯಾಳವನ್ನೂ ಓದಬೇಕು, ತುಳುವಿನ ಪಾಡ್ದನಕ್ಕೂ ಕಿವಿಗೊಡಬೇಕು. ನಮ್ಮ ಆದವಾನಿಯ ಕೋಟೆಯ ಮೇಲೆ ವಿಜಯನಗರದವರು ಆಳಿದರು, ಬಿಜಾಪುರದ ಪರವಾಗಿ ಸಿದ್ದಿ ಮಸೂದ್ ಖಾನ್ ಆಳಿದ, ಮೊಗಲರು ಬಂದರು, ನಿಜಾಮನ ತಮ್ಮ ಬಸಾಲತ್ ಜಂಗನ ಜಹಗೀರಾಯಿತು, 1786ರಲ್ಲಿ ಟಿಪ್ಪು ಹಿಡಿದ, 1800ರಲ್ಲಿ ಕಂಪನಿಗೆ ಸೇರಿತು. ಅದನ್ನು ಬರೆಯಬೇಕಾದರೆ ಕನ್ನಡ, ತೆಲುಗು, ಉರ್ದು ಮೂರೂ ಬೇಕು.

ಬೆಂಗಳೂರಿನಲ್ಲಿ ಕನ್ನಡವೊಂದನ್ನೇ ಓದಿ ಬೆಳೆದವನಿಂದ ಈ ಕೆಲಸ ಆಗುವುದಿಲ್ಲ. ಕನ್ನಡ ಬಿಟ್ಟು ಮಲಯಾಳವನ್ನೋ ತೆಲುಗನ್ನೋ ಮಾತ್ರ ಓದಿದವನಿಂದಲೂ ಆಗುವುದಿಲ್ಲ. ಮನೆಯಲ್ಲಿ ಒಂದು, ಸಂತೆಯಲ್ಲಿ ಒಂದು, ಶಾಲೆಯಲ್ಲಿ ಒಂದು ಎಂದು ಮೂರು ಮಾತಿನ ನಡುವೆ ತೊಡರುತ್ತ ಬೆಳೆಯುವ ನಮ್ಮ ನಿಮ್ಮ ಮಕ್ಕಳಿಂದ ಮಾತ್ರ ಆದೀತು. ನಾವು ಯಾವುದನ್ನು ಈ ಮಕ್ಕಳ ದೌರ್ಭಾಗ್ಯವೆಂದು ತಿಳಿದಿದ್ದೇವೆಯೋ ಅದೇ ಅವರ ಬಂಡವಾಳ. ಆದರೆ ಕನ್ನಡವನ್ನು ಗಟ್ಟಿಯಾಗಿ ಓದಿಸದಿದ್ದರೆ ಆ ಬಂಡವಾಳ ಪೆಟ್ಟಿಗೆಯಲ್ಲೇ ತುಕ್ಕು ಹಿಡಿಯುತ್ತದೆ.

ಹಾಗಾದರೆ ಮಾಡತಕ್ಕದ್ದೇನು? ದೊಡ್ಡ ಯೋಜನೆಗಳನ್ನು ನಾನು ಹೇಳುವುದಿಲ್ಲ. ಕೇರಳದಲ್ಲಿ ಪಿ. ಎನ್. ಪಣಿಕ್ಕರರು ಊರೂರಿಗೆ ಗ್ರಂಥಾಲಯ ಕಟ್ಟಿದವರು; ಅವರ ನೆನಪಿಗೆ ಜೂನ್ 19ನ್ನು ವಾಚನ ದಿನವೆಂದು ಶಾಲೆಗಳಲ್ಲಿ ಆಚರಿಸುತ್ತಾರೆ. ಇದು ತಮಗೆ ನೆರೆಯವರಿಂದ ದೊರೆತ ಒಳ್ಳೆಯ ಉಡುಗೊರೆ. ಆ ದಿನ ಭಾಷಣ ಮಾಡಿ ಮುಗಿಸದೆ, ಪ್ರತಿ ಕನ್ನಡ ಶಾಲೆಯೂ ಒಂದು ಕಾದಂಬರಿಯನ್ನು ಆರಿಸಿ ದಿನಕ್ಕೆ ಕಾಲು ಗಂಟೆಯಂತೆ ಗಟ್ಟಿಯಾಗಿ ಓದಿಸಲು ಆರಂಭಿಸಲಿ. ಊರಿನ ಗ್ರಂಥಾಲಯದಲ್ಲಿ ಕನ್ನಡ ಪುಸ್ತಕಕ್ಕೆ ಒಂದು ಕಪಾಟು ಕೇಳಿ ಪಡೆಯಿರಿ, ಪಡೆದ ಮೇಲೆ ಅಲ್ಲಿಗೆ ಹೋಗಿರಿ. ಮುಟ್ಟುವವರಿಲ್ಲದ ಕಪಾಟನ್ನು ತೆಗೆದುಹಾಕಲು ಯಾವ ಕಾನೂನೂ ಬೇಕಾಗಿಲ್ಲ. ರಜೆಯಲ್ಲಿ ಅಜ್ಜಿಗೆ ಕಣ್ಣು ಮಂಜಾಗಿದ್ದರೆ ಮೊಮ್ಮಗಳು ದಿನಕ್ಕೊಂದು ಅಧ್ಯಾಯ ಓದಿ ಹೇಳಲಿ. ಹೈಸ್ಕೂಲು ಮಕ್ಕಳು “ಮಾರ್ತಾಂಡವರ್ಮ”ವನ್ನು ಮಲಯಾಳದಲ್ಲೇ ಓದಲಿ, ಓದಿದ್ದನ್ನು ಕನ್ನಡದಲ್ಲಿ ಒಂದು ಪುಟ ಬರೆಯಲಿ. ಗಳಗನಾಥರು ಶುರುಮಾಡಿದ್ದು ಇಂತಹ ಕೆಲಸದಿಂದಲೇ.

ನನ್ನಂತಹ ಮೇಷ್ಟರುಗಳಿಗೂ ಒಂದು ಮಾತು. ಮಕ್ಕಳು ಓದುವುದಿಲ್ಲ, ಮೊಬೈಲು ಬಿಡುವುದಿಲ್ಲ ಎಂದು ಕೊಠಡಿಯಲ್ಲಿ ಕೂತು ದೂರುವುದು ನಮಗೆ ಅಭ್ಯಾಸವಾಗಿದೆ. ನಮಗಿಂತ ಕಡಿಮೆ ಸಂಬಳ ಪಡೆದ, ಬಸ್ಸು ರಸ್ತೆ ಇಲ್ಲದ ಕಾಲದ ಒಬ್ಬ ಕನ್ನಡ ಶಾಲೆ ಮಾಸ್ತರರು ಪುಸ್ತಕದ ಗಂಟು ಹೊತ್ತು ಹಳ್ಳಿಯಿಂದ ಹಳ್ಳಿಗೆ ನಡೆದರು. ಅಷ್ಟು ನಮ್ಮಿಂದಾಗದು. ನಮ್ಮ ಚೀಲದಲ್ಲಿ ಪಠ್ಯಪುಸ್ತಕದ ಜೊತೆಗೆ ಒಂದು ಕಾದಂಬರಿಯನ್ನು ಇಟ್ಟುಕೊಂಡು ತರಗತಿಗೆ ಹೋಗುವಷ್ಟಾದರೂ ಆಗಬೇಕು.